ಹೊಸ ಸ್ಕ್ಯಾನರ್ ಬೇಡ, ಮೊದಲು ಆಂಟೆನಾ ನೋಡಿ (ಬೇ ಏರಿಯಾ ರೇಡಿಯೋ ಡೈರಿ – 7)

ಕಳೆದ ಪೋಸ್ಟಿಗೆ ಬಂದ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ಬೆಂಕಿ ಸೀಸನ್ ಬಂತು, ಯಾವ ಸ್ಕ್ಯಾನರ್ ತಗೊಳ್ಲಿ?" ನನ್ನ ಉತ್ತರ ನಿಮಗೆ ಇಷ್ಟ ಆಗಲ್ಲ. ಸದ್ಯಕ್ಕೆ ಯಾವುದೂ ತಗೋಬೇಡಿ.

ಯಾಕೆ ಅಂತ ಹೇಳ್ತೀನಿ. 2020ರ ಆಗಸ್ಟ್ 16ರ ಬೆಳಗಿನ ಜಾವದ ಒಣ ಮಿಂಚು ನೆನಪಿದೆಯಾ? ಸಿಝಡ್‌ಯು ಬೆಂಕಿ ಹೊತ್ತಿದ್ದು ಅದರಿಂದಲೇ. ಆಗ ನಾವು ಸ್ಯಾಂಟಾ ಕ್ರೂಜ್ ಬೆಟ್ಟದಲ್ಲಿ, ಫೆಲ್ಟನ್ ಹತ್ತಿರ ಬಾಡಿಗೆಗಿದ್ವಿ. 18ರ ರಾತ್ರಿ ಗಾಳಿ ತಿರುಗಿತು, ಕಿಟಕಿ ಗಾಜಿನ ಮೇಲೆ ಬೂದಿ. ನನ್ನ ಕೈಲಿ ದುಬಾರಿ ಡಿಜಿಟಲ್ ಸ್ಕ್ಯಾನರ್. ಕೇಳ್ತಾ ಇದ್ದದ್ದು ಬರೀ ಕರಕರ. ಪಕ್ಕದ ಮನೆಯ ಅಜ್ಜನ ಹತ್ತಿರ ಹಳೇ ಅನಲಾಗ್ ಡಬ್ಬ, ಅಟ್ಟದ ಮೇಲೆ ನೇತುಹಾಕಿದ ತಂತಿ. ಅವರಿಗೆ ಪ್ರತಿ ಮಾತೂ ಸ್ಪಷ್ಟ: ಯಾವ ರಸ್ತೆ ಮುಚ್ಚಿದೆ, ಇಂಜಿನ್‌ಗಳು ಎಲ್ಲಿಂದ ಹಿಂದೆ ಸರೀತಿವೆ. ಅವರು ಬಂದು ಬಾಗಿಲು ತಟ್ಟಿದ ಮೇಲೆಯೇ ನಾವು ಕಾರಿಗೆ ಸಾಮಾನು ತುಂಬಿದ್ದು. ಅವತ್ತಿನ ನಾಚಿಕೆ ಇನ್ನೂ ಇದೆ.

ತಪ್ಪು ಸ್ಕ್ಯಾನರ್‌ನದಲ್ಲ, ನಂದು. ಕ್ಯಾಲ್ ಫೈರ್‌ನವರು ಕಾಡಿನಲ್ಲಿ ಮಾತಾಡೋದು ಹೆಚ್ಚಾಗಿ ವಿಎಚ್‌ಎಫ್‌ನಲ್ಲಿ, 151 ಮೆಗಾಹರ್ಟ್ಸ್ ಆಸುಪಾಸು, ಸಾದಾ ಅನಲಾಗ್. ಆ ತರಂಗಕ್ಕೆ ಕಾಲು ಅಲೆಯ ಕಡ್ಡಿ ಅಂದ್ರೆ ಸುಮಾರು ಅರ್ಧ ಮೀಟರ್ ಉದ್ದ. ಡಬ್ಬದ ಜೊತೆ ಬರೋ ರಬ್ಬರ್ ಕಡ್ಡಿ ಗೇಣುದ್ದ ಕೂಡ ಇರಲ್ಲ. ಜೊತೆಗೆ ನಾನು ಅದನ್ನ ಇಟ್ಟಿದ್ದು ಲ್ಯಾಪ್‌ಟಾಪ್ ಚಾರ್ಜರ್ ಮತ್ತು ಎಲ್‌ಇಡಿ ದೀಪದ ಮಧ್ಯೆ, ಎರಡೂ ರೇಡಿಯೋ ಗದ್ದಲದ ಕಾರ್ಖಾನೆಗಳು.

ಹಾಗಾಗಿ ಇವತ್ತೇ ಒಂದು ಪರೀಕ್ಷೆ ಮಾಡಿ. ಎನ್‌ಒಎಎ ಹವಾಮಾನ ಪ್ರಸಾರ 162.400ರಿಂದ 162.550ರ ನಡುವೆ ದಿನದ 24 ಗಂಟೆಯೂ ಇರುತ್ತೆ. ಅದನ್ನ ಹಾಕಿಕೊಂಡು ಮನೆಯೆಲ್ಲಾ ಓಡಾಡಿ. ಒಂದೊಂದೇ ಚಾರ್ಜರ್ ಕಿತ್ತು ನೋಡಿ. ಕಿಟಕಿ ಹತ್ತಿರ, ಮಹಡಿ ಮೇಲೆ, ಬಾಲ್ಕನಿಯಲ್ಲಿ ಎಷ್ಟು ವ್ಯತ್ಯಾಸ ಅಂತ ನಿಮ್ಮ ಕಿವಿಗೇ ಗೊತ್ತಾಗುತ್ತೆ. ನಾಲ್ಕು ಅಡಿ ಮೇಲೆತ್ತಿದರೆ ಸಿಗೋ ಲಾಭ ನಾಲ್ಕು ನೂರು ಡಾಲರ್ ಸುರಿದರೂ ಸಿಗಲ್ಲ, ಇದು ನನ್ನ ಅಭಿಪ್ರಾಯ, ಜಗಳ ಆಡೋರು ಕಾಮೆಂಟಿನಲ್ಲಿ ಬನ್ನಿ.

ಹೊರಗೆ ಆಂಟೆನಾ ಹಾಕೋರಿಗೆ ಕೇಬಲ್ ಮುಖ್ಯ. ತೆಳು ಆರ್‌ಜಿ-58 ಉದ್ದಕ್ಕೆ ಎಳೆದರೆ 700-800 ಮೆಗಾಹರ್ಟ್ಸ್ ಸಿಗ್ನಲ್ ದಾರಿಯಲ್ಲೇ ಕರಗಿ ಹೋಗುತ್ತೆ. ಮನೆಯಲ್ಲಿ ಬಿದ್ದಿರೋ ಟಿವಿಯ ಆರ್‌ಜಿ-6 ಅದಕ್ಕಿಂತ ಎಷ್ಟೋ ಮೇಲು. 75 ಓಮ್, 50 ಓಮ್ ಅಂತ ತಲೆ ಕೆಡಿಸ್ಕೋಬೇಡಿ, ಬರೀ ಕೇಳೋಕೆ ಅದು ಲೆಕ್ಕಕ್ಕಿಲ್ಲ. ಆಂಪ್ಲಿಫೈಯರ್ ಮಾತ್ರ ಆತುರದಲ್ಲಿ ಕೊಳ್ಳಬೇಡಿ. ಹತ್ತಿರದಲ್ಲಿ ಎಫ್‌ಎಂ ಟವರ್ ಇದ್ರೆ ಅದು ಗದ್ದಲವನ್ನೇ ದೊಡ್ಡದು ಮಾಡುತ್ತೆ. ಅಂಥಲ್ಲಿ ಬೇಕಿರೋದು 88-108 ತಡೆಯೋ ಫಿಲ್ಟರ್.

ಸರಿ, ಇಷ್ಟಾದ ಮೇಲೂ ಹೊಸದು ಬೇಕು ಅಂದ್ರೆ? ನಿಮ್ಮ ಊರಿನವರು ಯಾವುದರಲ್ಲಿ ಮಾತಾಡ್ತಾರೆ ಅಂತ ಮೊದಲು ತಿಳ್ಕೊಳ್ಳಿ. ಬೆಟ್ಟದ ಬೆಂಕಿ ಮಾತ್ರ ಸಾಕು ಅಂದ್ರೆ ಯುನಿಡೆನ್ ಬಿಸಿ125ಎಟಿ ಥರದ ಅನಲಾಗ್ ಸೆಟ್ ಧಾರಾಳ. ವಿಮಾನದ ಮಾತೂ ಕೇಳುತ್ತೆ, ಮಕ್ಕಳಿಗೆ ಖುಷಿ. ಆದ್ರೆ ನೀವು ಸಾನ್ ಹೊಸೆ ಕಡೆಯವರಾದ್ರೆ ಕಥೆ ಬೇರೆ. ಸ್ಯಾಂಟಾ ಕ್ಲಾರಾ ಕೌಂಟಿಯ ವ್ಯವಸ್ಥೆ 700 ಮೆಗಾಹರ್ಟ್ಸ್‌ನ ಡಿಜಿಟಲ್ ಪಿ25, ಅದೂ ಸಿಮಲ್‌ಕಾಸ್ಟ್. ಅಂದ್ರೆ ಹಲವು ಟವರ್‌ಗಳು ಒಂದೇ ಮಾತನ್ನ ಒಂದೇ ತರಂಗದಲ್ಲಿ ಒಟ್ಟಿಗೆ ಬಿಡ್ತವೆ. ಅವು ಕೂದಲೆಳೆಯಷ್ಟು ಹಿಂದೆಮುಂದೆ ತಲುಪಿದಾಗ ಸಾಮಾನ್ಯ ಡಿಜಿಟಲ್ ಸ್ಕ್ಯಾನರ್ ತೊದಲುತ್ತೆ. ಇಲ್ಲಿ ದೊಡ್ಡ ಆಂಟೆನಾ ಹಾಕಿದ್ರೆ ಇನ್ನೂ ಹೆಚ್ಚು ಟವರ್ ಕೇಳಿಸಿ ತೊಂದರೆ ಜಾಸ್ತಿಯೇ ಆಗಬಹುದು! ಒಂದೇ ಟವರ್ ಕಡೆ ಮುಖ ಮಾಡಿದ ಯಾಗಿ ಪ್ರಯತ್ನಿಸಿ. ಆಗಲಿಲ್ಲ ಅಂದ್ರೆ ಮಾತ್ರ 2018ರಲ್ಲಿ ಬಂದ ಎಸ್‌ಡಿಎಸ್100. ಈ ರೋಗಕ್ಕೆಂದೇ ಬೇರೆ ಥರ ರಿಸೀವರ್ ಇಟ್ಟು ಮಾಡಿದ್ದು, ಬೆಲೆ ನೋಡಿ ಎದೆ ಹಿಡ್ಕೋಬೇಡಿ. ಲ್ಯಾಪ್‌ಟಾಪ್ ಬಳಕೆ ಗೊತ್ತಿರೋರಿಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಅದರ ಚೂರು ಬೆಲೆಗೆ ಸಿಗುತ್ತೆ.

ಪೊಲೀಸರ ಮಾತು ಕೇಳೋ ಆಸೆಗೆ ಕೊಳ್ಳೋರಿಗೆ ಒಂದೇ ಮಾತು: ಎನ್‌ಕ್ರಿಪ್ಟ್ ಆಗಿದ್ರೆ ಯಾವ ಸ್ಕ್ಯಾನರೂ ಬಿಡಿಸಲ್ಲ. 2020ರ ನಂತರ ಇಲ್ಲಿನ ಎಷ್ಟೋ ಇಲಾಖೆಗಳು ಬಾಗಿಲು ಹಾಕಿವೆ. ಪಾಲೋ ಆಲ್ಟೋದವರು 2022ರಲ್ಲಿ ಮತ್ತೆ ತೆರೆದದ್ದು ನನಗೆ ಸಮಾಧಾನದ ವಿಷಯ.

"ಆ್ಯಪ್ ಇದೆಯಲ್ಲಾ?" ಅಂತೀರಿ. 2019ರ ಅಕ್ಟೋಬರಿನಲ್ಲಿ ಕರೆಂಟ್ ತೆಗೆದಾಗ ರಾಜ್ಯದಲ್ಲಿ ನೂರಾರು ಸೆಲ್ ಟವರ್ ಬಂದ್ ಆಗಿದ್ವು. ಆ್ಯಪ್‌ಗೆ ಧ್ವನಿ ಕಳಿಸೋದೂ ಯಾರದೋ ಮನೆಯ ಸ್ಕ್ಯಾನರೇ, ಇಂಟರ್‌ನೆಟ್ ಇದ್ದಾಗ ಮಾತ್ರ.

(ಊರಿಂದ ನೋಡ್ತಿರೋ ತಮ್ಮಂದಿರೇ, ಭಾರತದಲ್ಲಿ ಕಾನೂನು ಬೇರೆ. ಇದನ್ನ ನೋಡಿ ಅಲ್ಲಿ ಸೆಟ್ ತರಿಸಿಕೊಳ್ಳೋಕೆ ಹೋಗಬೇಡಿ.)

ಎರಡನೇ ಫೋಟೋದಲ್ಲಿರೋದು ಅಜ್ಜನ ಅಟ್ಟದ ತಂತಿಯ ನಕಲು, ಸೀಲಿಂಗ್‌ಗೆ ಮೀನಿನ ಗಾಳದ ದಾರದಲ್ಲಿ ಕಟ್ಟಿದ್ದೀನಿ. ಹೆಂಡತಿಗೆ ಬಟ್ಟೆ ಒಣಹಾಕೋ ಹಗ್ಗ ಅನ್ನಿಸಿ ಒಂದು ಸಲ ಟವೆಲ್ ಹಾಕಿದ್ರು. ಅಳತೆ ಬೇಕಾದೋರು ಕಾಮೆಂಟಿನಲ್ಲಿ ನಿಮ್ಮ ಊರು ಮತ್ತು ತರಂಗ ಬರೀರಿ, ಲೆಕ್ಕ ಹಾಕಿ ಹೇಳ್ತೀನಿ.

#ರೇಡಿಯೋಡೈರಿ #ಬೇಏರಿಯಾಕನ್ನಡಿಗರು