ಫಿಯೆಟ್ ಪಕ್ಕ ಪಿಕಪ್

ಮಕ್ಕಳೇ, ಕಳೆದ ಭಾನುವಾರ ನನ್ನ ತಂಗಿಯ ಮಗ ತೀರ್ಥಹಳ್ಳಿಯಿಂದ ತನ್ನ ಹೊಸ ಪಿಕಪ್ ತಂದು, ಶಿವಮೊಗ್ಗದ ನಮ್ಮ ಮನೆಯಂಗಳದಲ್ಲಿ ನಿಲ್ಲಿಸಿದ. ಪಕ್ಕದಲ್ಲಿ ನನ್ನ 1978ರ ಪ್ರೀಮಿಯರ್ ಪದ್ಮಿನಿ. ಆನೆಯ ಪಕ್ಕ ಆಡು ಕಟ್ಟಿದ ಹಾಗಿತ್ತು.

ಪದ್ಮಿನಿ ಎಂದರೆ ಯಾವುದು ಅಂತ ಅಜ್ಜನನ್ನು ಕೇಳಿ, 'ಓ, ಫಿಯೆಟ್ಟಾ!' ಅಂತಾರೆ. ಇಟಲಿಯ ಫಿಯೆಟ್ 1100 ಕಾರೇ ಮುಂಬೈಯಲ್ಲಿ ತಯಾರಾಗಿ ಆ ಹೆಸರು ಪಡೆಯಿತು. ಗೇರು ಸ್ಟೀರಿಂಗಿನ ಪಕ್ಕದಲ್ಲೇ. ನನ್ನದರಲ್ಲಿ ಮುಂದಿನ ಸೀಟು ಬೆಂಚಿನ ಹಾಗೆ ಒಂದೇ.

ಲೆಡ್ಜರ್ ಬರೆದ ಕೈ ಸುಮ್ಮನಿರುತ್ತದೆಯೇ? ಟೇಪು ಹಿಡಿದು ಅಳೆದೆ. ಫಿಯೆಟ್ 13 ಅಡಿ ಉದ್ದ, ಪಿಕಪ್ ಹದಿನೇಳೂವರೆ. ಅದರ ಎಂಜಿನ್ 1089 ಸಿಸಿ, ಸುಮಾರು 40 ಕುದುರೆಗಳ ಶಕ್ತಿ. ಇದರದು 2800 ಸಿಸಿ ಹತ್ತಿರ, ಕುದುರೆ ಇನ್ನೂರು!

"ಅಷ್ಟು ಕುದುರೆ ಯಾಕೋ?" ಅಂದೆ.

"ಮಾವ, ಮಳೆಗಾಲದಲ್ಲಿ ಅಡಿಕೆ ಮೂಟೆ ಹೇರಿಕೊಂಡು ತೋಟದ ಏರು ಹತ್ತಬೇಕು. ನಿಮ್ಮ ಫಿಯೆಟ್ ಹತ್ತುತ್ತಾ?"

ಹತ್ತುವುದಿಲ್ಲ, ಒಪ್ಪಿದೆ. ಅವನ ಗಾಡಿಯಲ್ಲಿ ಸೀಟ್ ಬೆಲ್ಟ್, ಏರ್‌ಬ್ಯಾಗ್ ಎಲ್ಲಾ ಇವೆ. ನನ್ನದರಲ್ಲಿ ಎರಡೂ ಇಲ್ಲ. ಮಗನನ್ನು ಆ ಬೆಂಚಿನ ಮೇಲೆ, ನಮ್ಮಿಬ್ಬರ ನಡುವೆ ನಿಲ್ಲಿಸಿಕೊಂಡು ಆಗುಂಬೆ ಘಾಟಿ ಇಳಿದಿದ್ದೇನೆ. ಈಗ ನೆನೆದರೆ ಮೈ ಝುಂ ಅನ್ನುತ್ತದೆ.

ಆದರೆ ಒಂದು ವಿಷಯ ಟೇಪಿನಿಂದಲೇ ಹೊಳೆಯಿತು. ಪಿಕಪ್ಪಿನ ಬಾನೆಟ್ಟಿನ ಮುಂತುದಿ ನೆಲದಿಂದ 3 ಅಡಿ 9 ಇಂಚು. ನಾಲ್ಕು ವರ್ಷದ ನಮ್ಮ ಪುಟ್ಟಿಯ ಎತ್ತರ 3 ಅಡಿ 3 ಇಂಚು. ಕೀಯನ್ನು ನನ್ನ ಜೇಬಿಗೆ ಹಾಕಿಕೊಂಡು, ಡ್ರೈವರ್ ಸೀಟಿನಲ್ಲಿ ಕೂತು, ಬಂಪರಿನ ಮುಂದೆ ಬಂದು ನಿಲ್ಲು ಅಂದೆ.

"ಬಂದೆ ಅಜ್ಜಾ!" ದನಿ ಕೇಳಿತು. ಹುಡುಗಿ ಕಾಣಲಿಲ್ಲ. ಕತ್ತು ಚಾಚಿದೆ, ಅತ್ತಿತ್ತ ವಾಲಿದೆ. ಬರೀ ಹೊಳೆಯುವ ಬಾನೆಟ್ಟು. ಅವಳು ಒಂದೊಂದೇ ಹೆಜ್ಜೆ ಹಿಂದೆ ಸರಿದ ಮೇಲೆ ಮೊದಲು ರಿಬ್ಬನ್ ಕಂಡಿತು, ಆಮೇಲೆ ಹಣೆ. ಹಿಂದಕ್ಕೆ ಕ್ಯಾಮೆರಾ ಇತ್ತು, ಮುಂದಕ್ಕೆ ಇರಲಿಲ್ಲ. ಅಳಿಯನನ್ನೂ ಕೂರಿಸಿ ತೋರಿಸಿದೆ. ಅವನ ನಗು ನಿಂತುಹೋಯಿತು. ಅವನ ಮಗನಿಗೂ ನಾಲ್ಕೇ ವರ್ಷ.

ಫಿಯೆಟ್ಟಿನಲ್ಲಿ ಕೂತು ನೋಡಿದರೆ ಅದೇ ಜಾಗದಲ್ಲಿ ಪುಟ್ಟಿಯ ಇಡೀ ಮುಖ, ಜೊತೆಗೆ ಹೊರಚಾಚಿದ ನಾಲಿಗೆ! ನಾನು ಬೀಗಿದೆ. ಅಷ್ಟರಲ್ಲಿ ಅವಳ ಚೆಂಡು ಬಿತ್ತು, ಹೆಕ್ಕಲು ಕುಕ್ಕರಗಾಲಲ್ಲಿ ಕೂತಳು. ಫಿಯೆಟ್ಟಿನಿಂದಲೂ ಮಾಯ! ಇದೇ ಗಾಡಿಯನ್ನು ಎಷ್ಟೋ ವರ್ಷ ಓಡಿಸಿದ ನನಗೆ ಅದು ಗೊತ್ತೇ ಇರಲಿಲ್ಲ. ಪ್ರತಿ ಬೆಳಿಗ್ಗೆ ಬಾನೆಟ್ ಎತ್ತಿ ರೇಡಿಯೇಟರಿನ ನೀರು ನೋಡಲು ಹೇಗೂ ಗಾಡಿಯ ಮುಂದೆ ಹೋಗುತ್ತಿದ್ದೆ, ಅಲ್ಲಿ ಯಾರಿದ್ದರೂ ಕಣ್ಣಿಗೆ ಬೀಳುತ್ತಿತ್ತು. ಈಗಿನವರು ಗುಂಡಿ ಒತ್ತಿ ಹೊರಟೇಬಿಡುತ್ತಾರೆ.

ಈ ಪರೀಕ್ಷೆ ನೀವೂ ಮಾಡಿ ನೋಡಿ. ಗಾಡಿ ಬಂದಾಗಿರಬೇಕು, ಕೀ ಅಜ್ಜನ ಜೇಬಿನಲ್ಲಿರಬೇಕು.

ಸಂಜೆ ಅಳಿಯ ಹೊರಟ. ಗಾಡಿ ಹತ್ತಿ ಕೂತವನು ಮತ್ತೆ ಇಳಿದು, ಮುಂದಿನಿಂದ ಒಂದು ಸುತ್ತು ಬಂದ, ಬಗ್ಗಿಯೂ ನೋಡಿದ.

"ನಾನು ಇಲ್ಲಿದ್ದೀನಿ ಮಾಮಾ!" ಜಗಲಿಯಿಂದ ಪುಟ್ಟಿ ಕೂಗಿದಳು.