ಸ್ವರಕ್ಕೊಂದು ತೂಬು

ವಿದ್ಯುತ್ ಗಿಟಾರನ್ನು ಮನೆಮಾತಾಗಿಸಿದವರಲ್ಲಿ ಒಬ್ಬನಾದ ಲಿಯೋ ಫೆಂಡರನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲವೆಂದರೆ ವಾಚಕರಿಗೆ ನಗು ಬಂದೀತು. ಆತ ಕ್ಯಾಲಿಫೋರ್ನಿಯದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನು.

ಉಕ್ಕಿನ ತಂತಿಯನ್ನು ಮಿಡಿದಾಗ ಅದರ ಕೆಳಗಿನ ಪಿಕಪ್ಪಿನಲ್ಲಿ, ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ಸುರುಳಿಯಲ್ಲಿ, ವಿದ್ಯುತ್ತು ಹುಟ್ಟುತ್ತದೆ. ಅದು ಆಂಪ್ಲಿಫೈಯರಿಗೆ ಹರಿಯುವ ದಾರಿಯಲ್ಲಿ ಟೋನ್ ತಿರುಪೆಂಬುದೊಂದು ತೂಬು. ತೂಬಿನ ಬಾಯಲ್ಲಿರುವ ಕೆಪಾಸಿಟರು ತಾರಸ್ಥಾಯಿಯ ಕಂಪನಗಳನ್ನು ಸರಾಗವಾಗಿ ಬಿಡುತ್ತದೆ, ಮಂದ್ರವನ್ನು ತಡೆಯುತ್ತದೆ. 2,50,000 ಓಮಿನ ತಿರುಪನ್ನು ಪೂರ್ತಿ ಏರಿಸಿದ್ದರೆ ಸೋರುವುದು ಅತ್ಯಲ್ಪ; ಇಳಿಸಿದಂತೆಲ್ಲ ತಾರಾಂಶವು ಅರ್ತಿಗೆ ಹರಿದುಹೋಗಿ ನಾದ ಮೃದುವಾಗುತ್ತದೆ. ಪಾಪ, ಅದಕ್ಕೆ ಕೂಡಿಸಲು ಬಾರದು, ಕಳೆಯಲು ಮಾತ್ರ ಬರುತ್ತದೆ.

1954ರ ಸ್ಟ್ರಾಟೊಕಾಸ್ಟರಿನಲ್ಲಿ ಪಿಕಪ್ಪುಗಳು 3, ಟೋನ್ ತಿರುಪುಗಳು 2. ಕೊರಳಿನ ಬದಿಯದಕ್ಕೊಂದು, ನಡುವಿನದಕ್ಕೊಂದು. ಕುದುರೆಯ ಬಳಿಯ ಪಿಕಪ್ಪಿನದೇ ಮೂರರಲ್ಲಿ ಅತ್ಯಂತ ಚೂಪುದನಿ. ತೂಬು ಬೇಕಾದದ್ದೂ ಅದಕ್ಕೇ, ಇಲ್ಲದ್ದೂ ಅದಕ್ಕೇ! ಫೆಂಡರನ ಎಣಿಕೆ ಏನೇ ಇದ್ದಿರಲಿ, ಅನೇಕ ವಾದಕರ ಕಿವಿ ಇದನ್ನು ಒಪ್ಪಲಿಲ್ಲ. ಉಪಾಯವೇನೂ ಕಠಿಣವಲ್ಲ. ಸ್ವಿಚ್ಚಿನಲ್ಲಿ ಆ ಪಿಕಪ್ಪಿನ ಪಾಲಿಗೆ ಖಾಲಿ ಉಳಿದ ಕಾಲಿನಿಂದ ನಡುವಿನ ತಿರುಪಿನ ಕಾಲಿಗೆ ಒಂದು ತುಂಡು ತಂತಿಯನ್ನು ಬೆಸೆದರೆ ಆ ತಿರುಪು ಎರಡಕ್ಕೂ ದುಡಿಯುತ್ತದೆ. ಆಗ ಹಾಕಿದ್ದ 0.1 ಮೈಕ್ರೊಫ್ಯಾರಡಿನ ಕೆಪಾಸಿಟರು ನಾದವನ್ನು ತೀರ ಮಂಕಾಗಿಸುತ್ತದೆ, 0.022ರದು ಹಿತ.

ಆದರೆ ಕೈಯಲ್ಲಿರುವುದು 1950ರ ದಶಕದ ವಾದ್ಯವೇ ಆಗಿದ್ದರೆ ಬೆಸುಗೆಯ ಕಡ್ಡಿಯನ್ನು ದೂರವಿಡುವುದು ಲೇಸು. ಮೂಲ ಬೆಸುಗೆ ಕದಡಿದೆಯೆಂದು ಕಂಡೊಡನೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ.