ಮಣಿಕಟ್ಟಿಗೆ ಬಂದ ಲೆಕ್ಕಿಗ

ಸೊಪ್ಪಿನಬೆಟ್ಟದಿಂದ ತರಗೆಲೆಯ ಹೊರೆ ಹೊತ್ತು ದಿನಕ್ಕೆ ನಾಲ್ಕು ಬಾರಿ ಗುಡ್ಡ ಹತ್ತಿಳಿಯುವ ನಮ್ಮ ಹೆಣ್ಣುಮಕ್ಕಳಿಗೆ, ತಾವು ಎಷ್ಟು ಹೆಜ್ಜೆ ನಡೆದೆವೆಂದು ತಿಳಿಯುವ ಅಗತ್ಯ ಎಂದೂ ಬಂದಿರಲಿಲ್ಲ. ಈಗ ಅದೇ ಮನೆಗಳಿಂದ ಕಾಲೇಜಿಗೆ ಹೋಗುವ ಮಕ್ಕಳ ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ, ನಾಡಿ ಅಳೆಯುವ, ನಿದ್ದೆಗೂ ಅಂಕ ಕೊಡುವ ಸ್ಮಾರ್ಟ್ ವಾಚುಗಳು ಕಾಣುತ್ತಿವೆ. ಶೋಕಿ ಎಂದು ಜರೆದು ಸುಮ್ಮನಾಗುವುದು ಸುಲಭ. ಆದರೆ ಜನ ಇದನ್ನು ಏಕೆ ತೊಡುತ್ತಾರೆ ಎಂಬ ಪ್ರಶ್ನೆ ಅಷ್ಟು ಹಗುರವಾದುದಲ್ಲ.

ಅಮೆರಿಕದ ವಿದ್ವಾಂಸ ಫ್ರೆಡ್ ಡೇವಿಸ್ 1989ರಲ್ಲಿ ಹೇಳಿದಂತೆ, ಹೊಸ ತಂತ್ರಜ್ಞಾನವನ್ನು ಜನ ಒಪ್ಪುವುದು ಎರಡು ನಂಬಿಕೆಗಳ ಮೇಲೆ. ಇದರಿಂದ ತನಗೆ ಉಪಯೋಗವಿದೆ ಎಂಬುದು ಒಂದು, ಬಳಸುವುದು ಕಷ್ಟವಲ್ಲ ಎಂಬುದು ಇನ್ನೊಂದು. ಸುತ್ತಲಿನವರ ಪ್ರಭಾವವೂ ದೊಡ್ಡದೆಂದು ನಂತರದ ಅಧ್ಯಯನಗಳು ಸೇರಿಸಿದವು. ಇಲ್ಲಿ ಲೆಕ್ಕಕ್ಕೆ ಬರುವುದು ಉಪಯೋಗವಲ್ಲ, ಉಪಯೋಗವಿದೆಯೆಂಬ ನಂಬಿಕೆ. ನಂಬಿಕೆಯನ್ನಾದರೋ ಕಾರ್ಖಾನೆಯಲ್ಲಿಯೇ ತಯಾರಿಸಬಹುದು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆಂಬ ಮಾತನ್ನೇ ನೋಡಿ. 1965ರಲ್ಲಿ ಜಪಾನಿನ ಯಮಾಸಾ ಕಂಪನಿ ಹೆಜ್ಜೆ ಎಣಿಸುವ ಉಪಕರಣವೊಂದನ್ನು ಮಾರಾಟಕ್ಕೆ ತಂದು ‘ಮಾಂಪೊ-ಕೆಯ್’ ಎಂದು ಹೆಸರಿಟ್ಟಿತು. ಹಾಗೆಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಅಂಗಡಿಗಾಗಿ ಹುಟ್ಟಿದ ಆ ಸಂಖ್ಯೆ ಇಂದಿಗೂ ಆರೋಗ್ಯದ ಗುರಿಯಾಗಿ ನಮ್ಮ ಮುಂದಿದೆ. ಅಮೆರಿಕದ ವಯಸ್ಸಾದ ಮಹಿಳೆಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರಲ್ಲೇ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ.

ನಮ್ಮ ಹಿರಿಯರೂ ಕೈಗೆ ಯಂತ್ರ ಕಟ್ಟಿದವರೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಆರಂಭವಾಯಿತು. ಅದರಲ್ಲೂ ಪ್ರತಿಷ್ಠೆಯಿತ್ತು, ಒಪ್ಪೋಣ. ಅಳಿಯನಿಗೆ ವಾಚು ಕೊಡದಿದ್ದರೆ ಮದುವೆಮನೆಯಲ್ಲೇ ಮುನಿಸು ಏಳುತ್ತಿದ್ದ ಕಾಲವದು. ಆದರೆ ‘ಜನತಾ’ ವಾಚಿಗೆ ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕಿತ್ತು. ನಿಂತುಹೋದರೆ ಪೇಟೆಯ ರಿಪೇರಿಯವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಬೆನ್ನಿನ ಮುಚ್ಚಳ ತೆರೆದು ಸರಿಪಡಿಸುತ್ತಿದ್ದ. ತಂದೆಯ ವಾಚು ಮಗನ ಕೈಗೂ ಬರುತ್ತಿತ್ತು. ಇಂದಿನದು ಎರಡು ಸಾವಿರ ರೂಪಾಯಿಯೊಳಗೇ ದೊರೆಯುತ್ತದೆ. ಅದರ ಮುಖ್ಯ ಆಕರ್ಷಣೆಯೂ ಅದೇ. ಅಂಟು ಹಾಕಿ ಮುಚ್ಚಿದ ಒಡಲು, ಕೆಲವೇ ವರ್ಷಗಳಲ್ಲಿ ಸೊರಗುವ ಲಿಥಿಯಂ ಬ್ಯಾಟರಿ. ಅದನ್ನು ಬಿಚ್ಚಿ ನೋಡುವವರಿಲ್ಲ, ಮುಂದಿನ ತಲೆಮಾರಿಗೆ ಉಳಿಸುವ ಮಾತಂತೂ ದೂರ.

ಎಲ್ಲವೂ ವ್ಯರ್ಥವೆಂದು ನಾನು ಹೇಳಲಾರೆ. ಸಕ್ಕರೆ ಕಾಯಿಲೆಯವರು ವೈದ್ಯರ ಸಲಹೆಯಂತೆ ತೋಳಿಗೆ ಅಂಟಿಸಿಕೊಳ್ಳುವ ಗ್ಲೂಕೋಸ್ ಮಾಪಕ ಜೀವ ಉಳಿಸಬಲ್ಲದು. ಅಲ್ಲಿ ಲೆಕ್ಕ ತೊಟ್ಟವರಿಗೆ ಸೇರಿದ್ದು. ನಾಗಪುರ, ಚಂಡೀಗಢದಂಥ ನಗರಗಳಲ್ಲಿ ಪೌರಕಾರ್ಮಿಕರಿಗೆ ಜಿಪಿಎಸ್ ಗಡಿಯಾರ ಕಟ್ಟಿಸಿದಾಗ ಲೆಕ್ಕ ಮೇಲಧಿಕಾರಿಗಳದಾಯಿತು. ಕಾರ್ಮಿಕರು ಪ್ರತಿಭಟಿಸಿದ್ದು ಸಹಜವೇ. ನಾಳೆ ತೋಟದ ಕೂಲಿಯವರ ಕೈಗೂ ಅದು ಬಂದೀತು.

2022ರಲ್ಲಿ ಜಗತ್ತಿನ ಇ-ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದೆಂದು ದಾಖಲಾದುದು ಶೇ. 22.3 ಮಾತ್ರ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳು ಇ-ತ್ಯಾಜ್ಯದ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ವಿದ್ಯಾರ್ಥಿ ಮಿತ್ರರು ತಮ್ಮ ಕೆಟ್ಟ ವಾಚುಗಳನ್ನು ಹಳ್ಳದ ದಂಡೆಗೆ ಎಸೆಯದೆ, ಕಾಲೇಜಿನಲ್ಲಿ ಒಂದೆಡೆ ಕೂಡಿಟ್ಟು, ಕೊಂಡ ಅಂಗಡಿಗೇ ಒಯ್ದು ‘ಇದನ್ನು ಯಾರು ವಾಪಸು ತೆಗೆದುಕೊಳ್ಳುತ್ತಾರೆ?’ ಎಂದು ಕೇಳಲಿ. ದೊರೆತ ಉತ್ತರವನ್ನು ನಮಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.